ಬೋವ್ವಾರ್ ಗ್ರಂಥಾಲಯದ ಆಡಳಿತ ಮಂಡಳಿಗೆ ಮತ್ತು ಮಿಸಿಸಿಪ್ಪಿಯ ಶಾಸಕರಿಗೆ ಒಂದು ಬಹಿರಂಗ ಪತ್ರ

ಗೆ,
ಆಡಳಿತ ಮಂಡಳಿಯ ಸದಸ್ಯರು, ಬೋವ್ವಾರ್ – ಜೆಫರ್ಸನ್ ಡೇವಿಸ್ ನಿವಾಸ ಮತ್ತು ಅಧ್ಯಕ್ಷೀಯ ಗ್ರಂಥಾಲಯ, ಬಿಲಕ್ಸಿ
ಶಾಸನಸಭೆಯ ಸದಸ್ಯರು, ಮಿಸಿಸಿಪ್ಪಿ ರಾಜ್ಯ, ಜಾಕ್ಸನ್

ಮಾನ್ಯರೇ,

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಮಿಸಿಸಿಪ್ಪಿಯ ಕರಾವಳಿಯನ್ನು ಅಪ್ಪಳಿಸಿದಾಗ ತಮ್ಮ ಸಂಸ್ಥೆ ಕಳೆದುಕೊಂಡದ್ದು ಎಷ್ಟು, ಆಮೇಲೆ ಮತ್ತೆ ಕಟ್ಟಿಕೊಂಡದ್ದು ಎಷ್ಟು, ಅದಕ್ಕೆ ಹಣ ಬಂದದ್ದು ಎಲ್ಲಿಂದ, ಆ ಹಣದ ಜೊತೆಗೆ ಹೆಗಲೇರಿದ ಹೊಣೆ ಯಾವುದು ಎಂಬ ವಿಚಾರಗಳನ್ನು ಕುರಿತು ಈ ಪತ್ರ ಬರೆಯುತ್ತಿದ್ದೇನೆ. ನಾನು ಮಿಸಿಸಿಪ್ಪಿಯ ಮತದಾರನಲ್ಲ. ಆದರೆ ಅಮೆರಿಕದಲ್ಲಿ ದುಡಿದು ಫೆಡರಲ್ ತೆರಿಗೆ ಕಟ್ಟುವ ಸಾವಿರಾರು ಕನ್ನಡಿಗರಲ್ಲಿ ಒಬ್ಬ. ಹ್ಯೂಸ್ಟನ್ನಿನಿಂದಲೋ ನ್ಯೂ ಆರ್ಲಿಯನ್ಸಿನಿಂದಲೋ ಫ್ಲಾರಿಡಾದ ಕಡೆಗೆ ಕಾರಿನಲ್ಲಿ ಹೊರಟ ನಮ್ಮ ಕುಟುಂಬಗಳು ಬಿಲಕ್ಸಿಯ ಕಡಲತೀರದ ಹೆದ್ದಾರಿಯಲ್ಲಿ ಸಾಗುವಾಗ ಓಕ್ ಮರಗಳ ನಡುವೆ ಕಾಣುವ ಆ ಬಿಳಿ ಮನೆಯನ್ನು ನೋಡಿ, ಇದೇನಿರಬಹುದು ಎಂದು ಇಳಿಯುವುದುಂಟು. ಹಾಗಾಗಿ ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮಗೆ ಅಂಚೆಯಲ್ಲಿ ಕಳುಹಿಸುವುದರ ಜೊತೆಗೆ, ಮೂಲವನ್ನು ನನ್ನ ಭಾಷೆಯ ಓದುಗರ ಮುಂದೆಯೂ ಇಡುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಆ ಮನೆಯನ್ನು ಕೆಡವಬೇಕೆಂದಾಗಲಿ, ಗ್ರಂಥಾಲಯಕ್ಕೆ ಬೀಗ ಹಾಕಬೇಕೆಂದಾಗಲಿ ನಾನು ಕೇಳುತ್ತಿಲ್ಲ. ಹಳೆಯ ಕಟ್ಟಡವೊಂದು ಇಷ್ಟು ದೊಡ್ಡ ಹೊಡೆತ ತಿಂದು ನಿಂತಿರುವುದು, ಅದನ್ನು ಬಲ್ಲವರು ಕೂಡಿ ಮತ್ತೆ ಮೊದಲಿನಂತೆ ಮಾಡಿರುವುದು ಸಂತೋಷದ ಸಂಗತಿಯೇ. ನನ್ನ ತಕರಾರು ಕಟ್ಟಡದ ಮೇಲಲ್ಲ, ಅದರೊಳಗೆ ಹೇಳದೆ ಉಳಿಸಿರುವ ಕಥೆಯ ಮೇಲೆ.

ಈ ಸ್ಥಳದ ಪರಿಚಯವಿಲ್ಲದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ಗುಲಾಮರ ದುಡಿಮೆಯಿಂದ ಶ್ರೀಮಂತನಾದ ಜೇಮ್ಸ್ ಬ್ರೌನ್ ಎಂಬ ಹತ್ತಿಯ ತೋಟದ ಧಣಿ ಬೇಸಿಗೆಯ ವಾಸಕ್ಕೆಂದು ಕಡಲಿಗೆ ಮುಖಮಾಡಿ ಈ ಮನೆಯನ್ನು ಕಟ್ಟಿಸಿದ. ಕೆಲಸ ಮುಗಿದದ್ದು 1852ರಲ್ಲಿ. 1873ರಲ್ಲಿ ಇದನ್ನು ಕೊಂಡ ಲೇಖಕಿ ಸಾರಾ ಡಾರ್ಸಿ ಇದಕ್ಕೆ ಬೋವ್ವಾರ್ ಎಂದು ಹೆಸರಿಟ್ಟರು. ಗುಲಾಮಗಿರಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಅಮೆರಿಕದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಒಕ್ಕೂಟಕ್ಕೆ 1861ರಿಂದ 1865ರವರೆಗೆ ಅಧ್ಯಕ್ಷರಾಗಿದ್ದ ಜೆಫರ್ಸನ್ ಡೇವಿಸ್, ಯುದ್ಧದಲ್ಲಿ ಸೋತು, ಎರಡು ವರ್ಷ ಸೆರೆವಾಸ ಅನುಭವಿಸಿ, ವ್ಯಾಪಾರದಲ್ಲೂ ಕೈಸುಟ್ಟುಕೊಂಡು, 1877ರಲ್ಲಿ ಸಾರಾ ಡಾರ್ಸಿಯವರ ಆಶ್ರಯ ಪಡೆದು ಇಲ್ಲಿಗೆ ಬಂದರು. ಆವರಣದ ಪುಟ್ಟ ಮಂಟಪದಂಥ ಕುಟೀರದಲ್ಲಿ ಕುಳಿತು ತಮ್ಮ ಸರ್ಕಾರವನ್ನು ಸಮರ್ಥಿಸುವ ಎರಡು ಸಂಪುಟಗಳ ಗ್ರಂಥ ಬರೆದರು. ಸಾರಾ ಡಾರ್ಸಿ 1879ರಲ್ಲಿ ತೀರಿಕೊಳ್ಳುವ ಮುನ್ನ ಉಯಿಲಿನಲ್ಲಿ ಆಸ್ತಿಯನ್ನು ಡೇವಿಸರಿಗೇ ಬಿಟ್ಟರು. ಡೇವಿಸ್ 1889ರಲ್ಲಿ ಸತ್ತ ಮೇಲೆ ಅವರ ಪತ್ನಿ ವರೀನಾ ನ್ಯೂಯಾರ್ಕಿಗೆ ಹೋಗಿ ಪತ್ರಿಕೆಗೆ ಬರೆದು ಬದುಕಿದರು. ಶತ್ರುಸೇನೆಯ ದಂಡನಾಯಕ ಗ್ರಾಂಟರ ವಿಧವೆ ಜೂಲಿಯಾ ಅವರೊಂದಿಗೆ ಅಲ್ಲಿ ಅವರಿಗೆ ಸ್ನೇಹವೂ ಬೆಳೆಯಿತು. ಹೋಟೆಲ್ ಕಟ್ಟುವವರು ಇದಕ್ಕಿಂತ ಬಹಳ ಹೆಚ್ಚಿನ ಬೆಲೆ ಕೊಡಲು ಸಿದ್ಧರಿದ್ದರೂ, 10,000 ಡಾಲರಿಗೆ ಈ ಆಸ್ತಿಯನ್ನು ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್ ಎಂಬ, ಕಾನ್ಫೆಡರೇಟ್ ಸೈನಿಕರ ವಂಶಸ್ಥರ ಸಂಘಟನೆಯ ಮಿಸಿಸಿಪ್ಪಿ ಶಾಖೆಗೆ ವರೀನಾ ಮಾರಿದರು. ಕಾನ್ಫೆಡರೇಟ್ ಸೇನೆಯ ಮುದಿ ಸೈನಿಕರಿಗೆ ಆಶ್ರಯಧಾಮ ಮಾಡಬೇಕು, ಆಮೇಲೆ ಗಂಡನ ಸ್ಮಾರಕವಾಗಿ ಕಾಯಬೇಕು ಎಂಬುದು ಅವರ ಷರತ್ತು. ಅಂದಿನಿಂದ ಇಂದಿನವರೆಗೆ ಒಡೆತನ ಅದೇ ಸಂಘಟನೆಯದು. ಆಶ್ರಯಧಾಮದಲ್ಲಿ ಸತ್ತವರ ಏಳುನೂರಕ್ಕೂ ಹೆಚ್ಚು ಗೋರಿಗಳು ಹಿಂದಿನ ಸ್ಮಶಾನದಲ್ಲಿವೆ. 1941ರಿಂದ ಮನೆ ವಸ್ತುಸಂಗ್ರಹಾಲಯವಾಗಿದೆ, 1973ರಲ್ಲಿ ಅದಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಥಳದ ಮಾನ್ಯತೆ ಸಿಕ್ಕಿತು. 1998ರಲ್ಲಿ ಗ್ರಂಥಾಲಯಕ್ಕೆಂದೇ ಪ್ರತ್ಯೇಕ ಕಟ್ಟಡ ಬಂತು. ಹೆಸರಿನಲ್ಲಿ 'ಅಧ್ಯಕ್ಷೀಯ ಗ್ರಂಥಾಲಯ' ಎಂದಿದ್ದರೂ, ಇದು ಅಮೆರಿಕದ ರಾಷ್ಟ್ರೀಯ ಪತ್ರಾಗಾರ ನಡೆಸುವ ಅಧ್ಯಕ್ಷೀಯ ಗ್ರಂಥಾಲಯಗಳ ಸಾಲಿಗೆ ಸೇರಿದ್ದಲ್ಲ, ಅವುಗಳ ಮೇಲಿರುವ ಸರ್ಕಾರಿ ಮೇಲ್ವಿಚಾರಣೆಯೂ ಇದಕ್ಕಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇಂಥ ಸ್ಥಳಕ್ಕೆ ಕತ್ರೀನಾ ಬಂತು. 1969ರ ಕಮೀಲ್ ಚಂಡಮಾರುತವನ್ನೂ ಈ ಮನೆ ತಾಳಿಕೊಂಡಿತ್ತು, ಆದರೆ ಈ ಸಲ ನುಗ್ಗಿದ ಕಡಲು ಆ ಲೆಕ್ಕವನ್ನೆಲ್ಲ ಮೀರಿತ್ತು. ಬಿಲಕ್ಸಿಯ ತೀರದಲ್ಲಿ ನೀರು ಇಪ್ಪತ್ತು ಅಡಿಗೂ ಮೇಲೆ ಏರಿತು. ಇಟ್ಟಿಗೆಯ ಕಂಬಗಳ ಮೇಲೆ ನೆಲದಿಂದ ಎತ್ತರಿಸಿ ಕಟ್ಟಿದ್ದರಿಂದ ಮುಖ್ಯ ಮನೆ ಉಳಿಯಿತು. ಅದಕ್ಕೂ ಜಗಲಿಗಳು ಕಿತ್ತುಹೋದವು, ಛಾವಣಿಯ ಒಂದು ಪಾಲು ಹಾರಿತು. ಡೇವಿಸರು ಬರೆಯುತ್ತ ಕೂರುತ್ತಿದ್ದ ಕುಟೀರ, ಅದಕ್ಕೆ ಜೋಡಿಯಾಗಿದ್ದ ಇನ್ನೊಂದು ಕುಟೀರ, ಸೈನಿಕರ ವಸ್ತುಸಂಗ್ರಹಾಲಯ, ನಿರ್ದೇಶಕರ ಮನೆ ಯಾವುದೂ ಉಳಿಯಲಿಲ್ಲ. 1998ರ ಗ್ರಂಥಾಲಯದ ಕೆಳ ಅಂತಸ್ತನ್ನು ಸಮುದ್ರ ಸೀಳಿಕೊಂಡು ಹೋಯಿತು. ಸಂಗ್ರಹದಲ್ಲಿ ಸುಮಾರು ಮೂರನೇ ಒಂದು ಭಾಗ ನಷ್ಟವಾಯಿತು.

ಉಪ್ಪುನೀರು ಹೊಕ್ಕ ಗ್ರಂಥಾಲಯದ ಸಂಕಟ ಏನೆಂಬುದು ಅದನ್ನು ಎದುರಿಸಿದವರಿಗೇ ಗೊತ್ತು. ನೀರು ಕುಡಿದ ಕಾಗದ ಉಬ್ಬಿ ರಟ್ಟಿನಿಂದ ಬಿಟ್ಟುಕೊಳ್ಳುತ್ತದೆ. ಆಗಸ್ಟಿನ ಆ ಧಗೆಯಲ್ಲಿ, ವಿದ್ಯುತ್ತಿಲ್ಲದ ಊರಿನಲ್ಲಿ, ಎರಡು ಮೂರು ದಿನಗಳೊಳಗೆ ಅದಕ್ಕೆ ಬೂಷ್ಟು ಹತ್ತುತ್ತದೆ. ಹೊಳಪಿನ ಕಾಗದವಾದರೆ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಹೀಗಾಗಿ ಬಲ್ಲವರು ಮಾಡುವ ಮೊದಲ ಕೆಲಸ ಒಣಗಿಸುವುದಲ್ಲ, ಸಿಕ್ಕಿದ್ದನ್ನೆಲ್ಲ ಗಡ್ಡೆಕಟ್ಟುವಂತೆ ತಣ್ಣಗೆ ಮಾಡಿ ಕೊಳೆಯುವುದನ್ನು ತಡೆಯುವುದು. ಆಮೇಲೆ ನಿರ್ವಾತದ ಕೋಣೆಯಲ್ಲಿ ಆ ಹಿಮವನ್ನು ನೀರಾಗಲು ಬಿಡದೆ ನೇರವಾಗಿ ಆವಿ ಮಾಡಿ, ಹಾಳೆ ಹಾಳೆಯಾಗಿ ಉಳಿಸಿಕೊಳ್ಳುತ್ತಾರೆ. ಲೋಹದ ವಸ್ತುಗಳಿಗೆ ಬೇರೆ ಚಿಕಿತ್ಸೆ, ಬಟ್ಟೆಗೆ ಬೇರೆ, ಮರಕ್ಕೆ ಬೇರೆ. ಉಪ್ಪು ಒಳಗೇ ಉಳಿದರೆ ಕಬ್ಬಿಣದ ಕತ್ತಿ ವರ್ಷಗಳ ನಂತರವೂ ಪದರಪದರವಾಗಿ ಉದುರುತ್ತಿರುತ್ತದೆ. ತಮ್ಮ ಸಿಬ್ಬಂದಿ ಮತ್ತು ಸ್ವಯಂಸೇವಕರು ಆವರಣದ ತುಂಬ ಹರಡಿಬಿದ್ದಿದ್ದ ಅವಶೇಷಗಳನ್ನು ಕೆದಕಿ, ಕೆಸರು ಮೆತ್ತಿದ ವಸ್ತುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು. ಅವರಲ್ಲಿ ತಮ್ಮ ಸ್ವಂತ ಮನೆಯನ್ನೂ ಕಳೆದುಕೊಂಡವರು ಇದ್ದಿರಲೇಬೇಕು, ಏಕೆಂದರೆ ಆ ಕರಾವಳಿಯಲ್ಲಿ ಅಂದು ಮನೆ ಉಳಿದವರೇ ಕಡಿಮೆ. ಆ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ.

ಡೇವಿಸರ ಇನ್ನೂರನೆಯ ಹುಟ್ಟುಹಬ್ಬದ ದಿನವಾದ 2008ರ ಜೂನ್ 3ರಂದು ಮನೆ ಮತ್ತೆ ಬಾಗಿಲು ತೆರೆಯಿತು. ಒಳಗೋಡೆಗಳ, ಮೇಲ್ಛಾವಣಿಯ ಹಳೆಯ ವರ್ಣಚಿತ್ತಾರಗಳನ್ನು ಕೂಡ ಕುಶಲಕರ್ಮಿಗಳು ಮರಳಿ ಮೂಡಿಸಿದ್ದರು. ಕೊಚ್ಚಿಹೋದ ಎರಡು ಕುಟೀರಗಳನ್ನು ಹಳೆಯ ಮಾದರಿಯಲ್ಲೇ ಕಟ್ಟಲಾಯಿತು. 2013ರಲ್ಲಿ ಹೊಸ ಗ್ರಂಥಾಲಯ ಸಿದ್ಧವಾಯಿತು.

ಇಷ್ಟಕ್ಕೆಲ್ಲ ಹಣ ಕೊಟ್ಟವರು ಯಾರು? ಕಾನ್ಫೆಡರೇಟ್ ಸೈನಿಕರ ವಂಶಸ್ಥರ ಸಂಘಟನೆ ತನ್ನ ಜೇಬಿನಿಂದ ಇದನ್ನು ಕಟ್ಟಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸ್ಮಿತ್ಸೋನಿಯನ್ ನಿಯತಕಾಲಿಕ 2018ರಲ್ಲಿ ಪ್ರಕಟಿಸಿದ ತನಿಖಾ ವರದಿಯ ಪ್ರಕಾರ, ಕತ್ರೀನಾದ ಹಾನಿಗೆಂದು ಬೋವ್ವಾರಿಗೆ ಫೆಡರಲ್ ಮತ್ತು ರಾಜ್ಯ ಸರ್ಕಾರಗಳಿಂದ ಸಂದ ನೆರವು 1 ಕೋಟಿ 72 ಲಕ್ಷ ಡಾಲರ್. ಇದರ ಮೇಲೆ ರಾಜ್ಯದ ಶಾಸನಸಭೆ ಪ್ರತಿವರ್ಷ 1 ಲಕ್ಷ ಡಾಲರನ್ನು ಇದರ ಸಂರಕ್ಷಣೆಗೆಂದು ತೆಗೆದಿರಿಸುತ್ತಿದೆ ಎಂದೂ ಆ ವರದಿ ಹೇಳಿತ್ತು. ಮಿಸಿಸಿಪ್ಪಿಯ ಜನರಲ್ಲಿ ಹತ್ತಕ್ಕೆ ನಾಲ್ವರಿಗೆ ಹತ್ತಿರ ಆಫ್ರಿಕನ್ ಅಮೆರಿಕನ್ನರು. ಅಂದರೆ ತಮ್ಮ ಮುತ್ತಾತನನ್ನೋ ಮುತ್ತಜ್ಜಿಯನ್ನೋ ಬೆಲೆಕಟ್ಟಿ ಮಾರಿದ ವ್ಯವಸ್ಥೆಯ ಸ್ಮಾರಕಕ್ಕೆ ಗಾರೆ ಹಚ್ಚಲು ಅವರೂ ತೆರಿಗೆ ಕಟ್ಟಿದ್ದಾರೆ. ಆ ಮನೆಯೊಳಗೆ ಅವರಿಗೇನು ಸಿಕ್ಕಿದೆ ಎಂದು ಕೇಳುವ ಹಕ್ಕು ಅವರಿಗಿಲ್ಲವೇ? ಅದೇ ವರದಿ, ಮಾರ್ಗದರ್ಶಕರ ಮಾತಿನಲ್ಲಾಗಲಿ ಪ್ರದರ್ಶನಗಳಲ್ಲಾಗಲಿ ಗುಲಾಮಗಿರಿಯ ಪ್ರಸ್ತಾಪ ತೀರ ಕಡಿಮೆಯೆಂದೂ, ಬಂದಲ್ಲೆಲ್ಲ ಅದನ್ನು ಮೃದುವಾಗಿಸಿ ಹೇಳುವ ರೂಢಿಯಿದೆಯೆಂದೂ ದಾಖಲಿಸಿತು. ಆ ಮೇಲೆ ತಾವು ಏನಾದರೂ ತಿದ್ದಿಕೊಂಡಿದ್ದರೆ ಅದನ್ನು ಬಹಿರಂಗವಾಗಿ ಹೇಳಿ. ಎಲ್ಲರಿಗಿಂತ ಮೊದಲು ಸಂತೋಷಪಡುವವನು ನಾನೇ.

ಇದು ಖಾಸಗಿ ಸಂಸ್ಥೆ, ಖಾಸಗಿ ಸಂಸ್ಥೆ ತನ್ನ ಇಷ್ಟದ ಕಥೆಯನ್ನು ಹೇಳಿಕೊಳ್ಳಬಹುದು ಎಂಬ ಉತ್ತರವನ್ನು ನಾನು ನಿರೀಕ್ಷಿಸುತ್ತೇನೆ. ಈ ಉತ್ತರ ಸಾಕಾಗುವುದಿಲ್ಲ ಎಂಬುದಕ್ಕೆ ದೂರದ ನಿದರ್ಶನ ಹುಡುಕಬೇಕಿಲ್ಲ. ಬೋವ್ವಾರಿನ ಗೇಟು ದಾಟಿ ರಸ್ತೆಯ ಆಚೆ ಬದಿಗೆ ಹೋದರೆ ಸಾಕು, ಅಲ್ಲಿರುವ ಮರಳಿನ ತೀರವೇ ಸಾಕ್ಷಿ.

ಆ ತೀರ ಪ್ರಕೃತಿ ಕೊಟ್ಟದ್ದಲ್ಲ. 1947ರ ಚಂಡಮಾರುತ ಬಿಲಕ್ಸಿ ಸೇರಿರುವ ಹ್ಯಾರಿಸನ್ ಕೌಂಟಿಯ, ಅಂದರೆ ಜಿಲ್ಲೆಯ, ಕಡಲಗೋಡೆಯನ್ನು ಹಾಳುಮಾಡಿದಾಗ, ಅದರ ದುರಸ್ತಿಗೆ ಮತ್ತು ಗೋಡೆಯ ರಕ್ಷಣೆಗಾಗಿ ಮುಂದೆ ಮರಳು ಹರಡುವುದಕ್ಕೆ ಫೆಡರಲ್ ಸರ್ಕಾರ ಹತ್ತು ಲಕ್ಷ ಡಾಲರಿಗೂ ಮೀರಿ ಹಣ ಕೊಟ್ಟಿತು. ಕೊಡುವಾಗ ಕೌಂಟಿಯಿಂದ ಒಂದು ಒಪ್ಪಂದಕ್ಕೆ ಸಹಿ ಪಡೆಯಿತು: ಈ ತೀರ ಎಂದೆಂದಿಗೂ ಸಾರ್ವಜನಿಕರ ಬಳಕೆಗೆ ತೆರೆದಿರಬೇಕು. ಸಮುದ್ರದ ತಳದಿಂದ ಮರಳನ್ನು ಬಗೆದು ತಂದು 26 ಮೈಲಿ ಉದ್ದದ ತೀರ ನಿರ್ಮಿಸಿದರು. ನಿರ್ಮಿಸಿದ ಮೇಲೆ ಕಪ್ಪು ಜನ ಅಲ್ಲಿಗೆ ಕಾಲಿಡಬಾರದೆಂದರು. ರಸ್ತೆಯ ಈ ಬದಿಯ ಮನೆಗಳ ಒಡೆಯರು ಮರಳು ತಮ್ಮ ಖಾಸಗಿ ಸ್ವತ್ತೆಂದು ವಾದಿಸಿದರು. ಕೌಂಟಿಯ ಅಧಿಕಾರಿಗಳು ಅದಕ್ಕೆ ತಲೆದೂಗಿದರು.

1955ರಲ್ಲಿ ಬಿಲಕ್ಸಿಗೆ ಬಂದು ವೈದ್ಯವೃತ್ತಿ ಆರಂಭಿಸಿದ್ದ ಕಪ್ಪು ವೈದ್ಯ ಡಾ. ಗಿಲ್ಬರ್ಟ್ ಮೇಸನ್, 1959ರ ಮೇ 14ರಂದು ಕೆಲವು ಗೆಳೆಯರು ಮತ್ತು ಮಕ್ಕಳೊಂದಿಗೆ ಆ ನೀರಿಗಿಳಿದರು. ಪೊಲೀಸರು ಬಂದು ಎಬ್ಬಿಸಿ ಕಳುಹಿಸಿದರು. ಯಾವ ಕಾನೂನಿನ ಪ್ರಕಾರ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಲಿಲ್ಲ. ಕಪ್ಪು ಜನರಿಗೆಂದು ಒಂದು ತುಂಡು ತೀರವನ್ನು ಬೇರೆಯಾಗಿ ಬಿಟ್ಟುಕೊಟ್ಟರೆ ಆಗದೇ ಎಂಬ ಮಾತು ಬಂದಾಗ, ಇಪ್ಪತ್ತಾರು ಮೈಲಿಯೂ ಬೇಕೆಂಬುದು ಅವರ ಕಡೆಯವರ ನಿಲುವಾಗಿತ್ತು. 1960ರ ಏಪ್ರಿಲ್ 17ರಂದು ಮೇಸನ್ ಒಬ್ಬರೇ ನೀರಿಗಿಳಿದು ಬಂಧನಕ್ಕೊಳಗಾದರು. ಮುಂದಿನ ಭಾನುವಾರ, ಏಪ್ರಿಲ್ 24ರಂದು, ನೂರಕ್ಕೂ ಹೆಚ್ಚು ಜನ ಅವರ ಜೊತೆಗೂಡಿದರು. ಕಾದು ನಿಂತಿದ್ದ ಬಿಳಿಯರ ಗುಂಪು ಸರಪಳಿ, ದೊಣ್ಣೆಗಳಿಂದ ಅವರನ್ನು ಹೊಡೆಯಿತು. ಪೊಲೀಸರು ನೋಡುತ್ತಿದ್ದರು. ಮರುತಿಂಗಳು ಫೆಡರಲ್ ಸರ್ಕಾರ ಕೌಂಟಿಯ ಮೇಲೆ ದಾವೆ ಹೂಡಿತು. ಅದರ ವಾದ ಬಹಳ ಸರಳವಾದದ್ದು: ಸಾರ್ವಜನಿಕರ ಹಣ ಪಡೆದು ಕಟ್ಟಿದ ತೀರ ಸಾರ್ವಜನಿಕರದು, ಒಪ್ಪಂದಕ್ಕೆ ಸಹಿ ಹಾಕಿದವರು ಅದರಂತೆ ನಡೆಯಬೇಕು. ತೀರ್ಪು ಬರಲು ಎಂಟು ವರ್ಷ ಬೇಕಾಯಿತು. 1968ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಎತ್ತಿಹಿಡಿಯಿತು. ಊರೊಟ್ಟಿನ ದುಡಿಮೆಯಲ್ಲಿ ತೋಡಿದ ಕೆರೆಯಲ್ಲಿ ಒಂದು ಕೇರಿಯವರು ನೀರು ಮುಟ್ಟಬಾರದೆಂಬ ಕಟ್ಟಳೆಯನ್ನು ಕಂಡು ಬಂದ ನಮಗೆ ಈ ವಾದದ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ.

ಬೋವ್ವಾರಿನ ವಿಷಯ ಇದಕ್ಕಿಂತ ಭಿನ್ನವೇ? ಚಂಡಮಾರುತದ ನಂತರ ಖಾಸಗಿ ಲಾಭರಹಿತ ಸಂಸ್ಥೆಗಳಿಗೆ ಫೀಮಾ, ಅಂದರೆ ಫೆಡರಲ್ ವಿಪತ್ತು ನಿರ್ವಹಣಾ ಸಂಸ್ಥೆ, ಮರುನಿರ್ಮಾಣದ ಹಣ ಕೊಡುವುದು ಅವು ಸಮಾಜಕ್ಕೆ ಸೇವೆ ಸಲ್ಲಿಸುತ್ತವೆ, ಎಲ್ಲ ಸಾರ್ವಜನಿಕರಿಗೂ ತೆರೆದಿರುತ್ತವೆ ಎಂಬ ಆಧಾರದ ಮೇಲೆ. ಗ್ರಂಥಾಲಯ, ವಸ್ತುಸಂಗ್ರಹಾಲಯಗಳು ಆ ಪಟ್ಟಿಯಲ್ಲಿರುವುದು ಅವು ತಿಳಿವಳಿಕೆ ಹಂಚುತ್ತವೆ ಎಂಬ ಕಾರಣಕ್ಕೆ. ಬಾಗಿಲು ತೆರೆದು ಟಿಕೆಟು ಹರಿದು ಕೊಟ್ಟ ಮಾತ್ರಕ್ಕೆ ಆ ಹೊಣೆ ತೀರಿತೆನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಯಾರ ಹಣದಿಂದ ಕಟ್ಟಡ ಎದ್ದಿತೋ ಅವರ ಪೂರ್ವಿಕರು ಆ ಕಥೆಯಲ್ಲಿ ಕಾಣಿಸಿಕೊಳ್ಳದಿದ್ದರೆ, ತೀರದ ಮರಳು ಅವರಿಗೆ ಸಿಗದಂತೆ ತಡೆದವರಿಗೂ ತಮಗೂ ವ್ಯತ್ಯಾಸವೆಲ್ಲಿ ಉಳಿಯಿತು? ಕಾನೂನಿನ ಕಣ್ಣಿನಲ್ಲಿ ವ್ಯತ್ಯಾಸ ಇದ್ದೀತು. ಮಿಸಿಸಿಪ್ಪಿಯ ಶಾಸಕರು ಹಣ ಮಂಜೂರು ಮಾಡುವಾಗ ಕೇಳಬೇಕಾದ ಪ್ರಶ್ನೆ ಮಾತ್ರ ಇದೇ.

ಹಾಗಾದರೆ ಏನನ್ನು ಹೇಳಬೇಕು ಎಂದು ತಾವು ಕೇಳಬಹುದು. ಯುದ್ಧಕ್ಕೆ ಮುಂಚೆ ಡೇವಿಸರು ವಾಸಿಸಿದ್ದ ಮಿಸಿಸಿಪ್ಪಿ ನದಿಯ ತಿರುವಿನ ತೋಟಗಳ ಕಥೆಯನ್ನು ಮೊದಲು ಹೇಳಿ. ಜೆಫರ್ಸನ್ ಡೇವಿಸರ ತೋಟದ ಹೆಸರು ಬ್ರಯರ್‌ಫೀಲ್ಡ್, ಅಣ್ಣ ಜೋಸೆಫ್ ಡೇವಿಸರದು ಹರಿಕೇನ್, ಅಂದರೆ ಚಂಡಮಾರುತ. ಚಂಡಮಾರುತದ ಕಥೆ ಹೇಳುವ ಈ ಪತ್ರದಲ್ಲಿ ಆ ಹೆಸರು ಬರುವುದು ಕಾಕತಾಳೀಯ, ಅಷ್ಟೇ. 1860ರ ಜನಗಣತಿಯ ಹೊತ್ತಿಗೆ ಬ್ರಯರ್‌ಫೀಲ್ಡಿನಲ್ಲಿ ನೂರಕ್ಕೂ ಹೆಚ್ಚು ಜನ ಗುಲಾಮರಿದ್ದರು. ಅವರಲ್ಲಿ ಕೆಲವರ ಹೆಸರಾದರೂ ಚರಿತ್ರೆಗೆ ಸಿಕ್ಕಿದೆ. ಯೌವನದಲ್ಲಿ ಡೇವಿಸರು ಸೈನ್ಯದಲ್ಲಿದ್ದಾಗ ಗಡಿಯ ಕೋಟೆಗಳಲ್ಲಿ ಅವರ ಜೊತೆಗಿದ್ದು, ಮುಂದೆ ಬ್ರಯರ್‌ಫೀಲ್ಡಿನ ಕೆಲಸವನ್ನೆಲ್ಲ ನೋಡಿಕೊಳ್ಳುತ್ತ 1850ರಲ್ಲಿ ಸತ್ತ ಜೇಮ್ಸ್ ಪೆಂಬರ್ಟನ್ ಗುಲಾಮನೇ. ಕಾನ್ಫೆಡರೇಟ್ ರಾಜಧಾನಿ ರಿಚ್ಮಂಡಿನಲ್ಲಿ ಡೇವಿಸರ ಸಾರೋಟು ಓಡಿಸುತ್ತಿದ್ದ ವಿಲಿಯಂ ಜಾಕ್ಸನ್ 1862ರಲ್ಲಿ ತಪ್ಪಿಸಿಕೊಂಡು ಹೋಗಿ, ಮನೆಯಲ್ಲಿ ಕಿವಿಗೆ ಬಿದ್ದ ಮಾತುಗಳನ್ನೆಲ್ಲ ಉತ್ತರದ ಸೇನೆಗೆ ತಿಳಿಸಿದ. ಅಧ್ಯಕ್ಷನ ಮನೆಯಿಂದಲೇ ಗುಲಾಮನೊಬ್ಬ ಸ್ವಾತಂತ್ರ್ಯ ಹುಡುಕಿ ಓಡಿದ್ದು, ಅಲ್ಲಿ ಎಲ್ಲರೂ ಸುಖವಾಗಿದ್ದರೆಂಬ ಮಾತಿಗೆ ಒಳ್ಳೆಯ ಉತ್ತರ.

ಇವರೆಲ್ಲರಿಗಿಂತ ದೊಡ್ಡ ಕಥೆ ಬೆಂಜಮಿನ್ ಮಾಂಟ್ಗಮರಿಯವರದು. ಒಂದು ಗ್ರಂಥಾಲಯವೇ ಈ ಕಥೆಯನ್ನು ಹೇಳದಿರುವುದು ನನಗೆ ಅರ್ಥವಾಗದ ಸಂಗತಿ. 1819ರಲ್ಲಿ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿ, 1836ರಲ್ಲಿ ನ್ಯಾಚೆಜಿನ ಸಂತೆಯಲ್ಲಿ ಜೋಸೆಫ್ ಡೇವಿಸರಿಗೆ ಮಾರಾಟವಾದ ಹುಡುಗ ಮೊದಲು ಮಾಡಿದ ಕೆಲಸ ಓಡಿಹೋಗಲು ಯತ್ನಿಸಿದ್ದು. ಹಿಡಿದು ತಂದ ಮೇಲೆ ಒಡೆಯ ಅವನಿಗೆ ತನ್ನ ಪುಸ್ತಕಗಳ ಕೋಣೆಯನ್ನು ತೆರೆದು ಕೊಟ್ಟ. ಮಾಂಟ್ಗಮರಿ ಅಲ್ಲಿ ಓದಿದರು, ಭೂಮಾಪನ ಕಲಿತರು, ಯಂತ್ರಗಳನ್ನು ಕಲಿತರು, ತೋಟದಲ್ಲಿ ಅಂಗಡಿ ತೆರೆದು ವ್ಯಾಪಾರ ಮಾಡಿದರು. ಆಳವಿಲ್ಲದ ನದಿಯಲ್ಲಿ ಉಗಿಹಡಗು ಸಾಗಲು ಅನುಕೂಲವಾಗುವ ಹೊಸ ಬಗೆಯ ಚಾಲಕಯಂತ್ರವನ್ನು ರೂಪಿಸಿದರು. ಆದರೆ ಅದಕ್ಕೆ ಪೇಟೆಂಟ್ ಸಿಗಲಿಲ್ಲ. ಗುಲಾಮನು ಪ್ರಜೆಯಲ್ಲ, ಪ್ರಜೆಯಲ್ಲದವನು ಆವಿಷ್ಕಾರದ ಪ್ರಮಾಣ ಮಾಡಲಾರ ಎಂಬುದು ಕಾನೂನಿನ ತರ್ಕವಾಗಿತ್ತು.

ಯುದ್ಧ ಮುಗಿದ ಮೇಲೆ, 1866ರಲ್ಲಿ, ಜೋಸೆಫ್ ಡೇವಿಸ್ ಎರಡೂ ತೋಟಗಳನ್ನು 3 ಲಕ್ಷ ಡಾಲರಿಗೆ, ಸಾಲದ ಮೇಲೆ, ತನ್ನ ಹಿಂದಿನ ಗುಲಾಮ ಮಾಂಟ್ಗಮರಿಗೇ ಮಾರಿದರು. ಕಪ್ಪು ಜನ ಭೂಮಿ ಕೊಳ್ಳುವುದಕ್ಕೆ ಮಿಸಿಸಿಪ್ಪಿಯ ಅಂದಿನ ಕಾಯಿದೆ ಅಡ್ಡಿಯಾಗಿದ್ದುದರಿಂದ ಮೊದಮೊದಲು ಈ ಮಾರಾಟವನ್ನು ಗುಟ್ಟಾಗಿ ಇಡಬೇಕಾಯಿತು. ಬಿಡುಗಡೆಯಾದ ಗುಲಾಮರನ್ನು ಕೂಡಿಸಿಕೊಂಡು ಮಾಂಟ್ಗಮರಿ ಅಲ್ಲಿ ವ್ಯವಸಾಯ ನಡೆಸಿದರು. ಕೆಲವೇ ವರ್ಷಗಳಲ್ಲಿ ರಾಜ್ಯದ ದೊಡ್ಡ ಹತ್ತಿ ಬೆಳೆಗಾರರಲ್ಲಿ ಒಬ್ಬರಾದರು. 1867ರಲ್ಲಿ ಆ ಊರಿನ ನ್ಯಾಯಾಧಿಕಾರಿಯಾಗಿಯೂ ನೇಮಕಗೊಂಡರು. ಆಮೇಲೆ ನೆರೆ ಬಂತು, ಹತ್ತಿಯ ಬೆಲೆ ಕುಸಿಯಿತು, ಮಾಂಟ್ಗಮರಿ 1877ರಲ್ಲಿ ತೀರಿಕೊಂಡರು. ಅತ್ತ ಅಣ್ಣ ಸತ್ತ ಮೇಲೆ ಜೆಫರ್ಸನ್ ಡೇವಿಸ್ ಬ್ರಯರ್‌ಫೀಲ್ಡ್ ತನ್ನದೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಕೆಳ ನ್ಯಾಯಾಲಯದಲ್ಲಿ ಸೋತು, 1878ರಲ್ಲಿ ಮಿಸಿಸಿಪ್ಪಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದು, ಮಾಂಟ್ಗಮರಿಯ ಮಕ್ಕಳು ಸಾಲ ತೀರಿಸಲಾಗದೆ ಹೋದಾಗ, 1881ರಲ್ಲಿ ತೋಟವನ್ನು ವಶಪಡಿಸಿಕೊಂಡರು. ಈ ವ್ಯಾಜ್ಯದ ಕೊನೆಯ ಘಟ್ಟ ನಡೆದದ್ದು, ತಮ್ಮ ದಕ್ಷಿಣದ ಧ್ಯೇಯ ಎಷ್ಟು ಉದಾತ್ತವಾಗಿತ್ತೆಂದು ಡೇವಿಸರು ಬೋವ್ವಾರಿನ ಕುಟೀರದಲ್ಲಿ ಕುಳಿತು ಬರೆಯುತ್ತಿದ್ದ ವರ್ಷಗಳಲ್ಲೇ. ಮಾಂಟ್ಗಮರಿಯ ಮಗ ಇಸಾಯ ಮುಂದೆ 1887ರಲ್ಲಿ ಮಿಸಿಸಿಪ್ಪಿಯ ಕಾಡು ಕಡಿದು ಮೌಂಡ್ ಬೈಯೂ ಎಂಬ ಕಪ್ಪು ಜನರದೇ ಊರನ್ನು ಕಟ್ಟಿದರು. ಆ ಊರು ಇಂದಿಗೂ ಇದೆ.

ಡೇವಿಸರು ಬರೆಯುತ್ತಿದ್ದ ಆ ಕುಟೀರ ಕತ್ರೀನಾದಲ್ಲಿ ಪೂರ್ತಿ ನಾಶವಾಯಿತು. ಈಗ ಇರುವುದು ಅದರ ಮಾದರಿಯಲ್ಲಿ ಕಟ್ಟಿದ ಹೊಸದು. ಹಲಗೆ ಹಲಗೆಯನ್ನು ಹೊಸದಾಗಿ ಜೋಡಿಸುವಾಗ, ಅಲ್ಲಿ ಬರೆದ ಪುಸ್ತಕದ ಪಕ್ಕದಲ್ಲಿ, ಅದೇ ವರ್ಷಗಳಲ್ಲಿ ಅಲ್ಲಿಂದಲೇ ನಡೆದ ಆ ದಾವೆಯ ಕಾಗದಗಳ ಪ್ರತಿಯೊಂದನ್ನು ಇಡುವುದಕ್ಕೆ ಏನು ಅಡ್ಡಿ ಇತ್ತು? ತಮ್ಮ ಆವರಣದಲ್ಲಿ ಡೇವಿಸರು ತಮ್ಮ ಮಗನ ಕೈಯನ್ನೂ, ಯುದ್ಧದ ಕೊನೆಯ ವರ್ಷ ರಿಚ್ಮಂಡಿನಲ್ಲಿ ಅವರ ಕುಟುಂಬ ಮನೆಯಲ್ಲಿ ಇರಿಸಿಕೊಂಡಿದ್ದ ಜಿಮ್ ಲಿಂಬರ್ ಎಂಬ ಕಪ್ಪು ಬಾಲಕನ ಕೈಯನ್ನೂ ಹಿಡಿದು ನಿಂತಿರುವ ಕಂಚಿನ ಪ್ರತಿಮೆ ಇದೆ. ಆ ಮಗುವಿಗೆ ಅವರ ಮನೆಯಲ್ಲಿ ಸಿಕ್ಕಿದ್ದ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಮಗುವಿನ ಕೈ ಹಿಡಿದದ್ದನ್ನು ಕಂಚಿನಲ್ಲಿ ಎರಕಹೊಯ್ದು ನಿಲ್ಲಿಸಿ, ನೂರಕ್ಕೂ ಹೆಚ್ಚು ಜನರ ಒಡೆತನವನ್ನು ಬಿಟ್ಟುಬಿಡುವುದು ಆಯ್ಕೆಮಾಡಿದ ನೆನಪು. ಮಿಸಿಸಿಪ್ಪಿ ಅಮೆರಿಕದ ಒಕ್ಕೂಟದಿಂದ ಹೊರಹೋದಾಗ, 1861ರ ಜನವರಿಯಲ್ಲಿ, ಅದರ ಪ್ರತಿನಿಧಿಗಳು ಹೊರಡಿಸಿದ ಘೋಷಣೆಯೇ ತಮ್ಮ ನಿಲುವು ಗುಲಾಮಗಿರಿಯ ಪದ್ಧತಿಯೊಂದಿಗೆ ಸಂಪೂರ್ಣವಾಗಿ ಬೆಸೆದುಕೊಂಡಿದೆ ಎಂದು ಆರಂಭದಲ್ಲೇ ಮುಚ್ಚುಮರೆಯಿಲ್ಲದೆ ಹೇಳಿತ್ತು. ಅವರು ಧೈರ್ಯವಾಗಿ ಹೇಳಿದ್ದನ್ನು ಅವರ ಮರಿಮಕ್ಕಳು ಹೇಳಲು ಸಂಕೋಚಪಡುವುದು ವಿಚಿತ್ರ.

ಶಾಸಕರಲ್ಲಿ ಒಂದು ಮಾತು. ನಿಮ್ಮ ರಾಜ್ಯಕ್ಕೆ ಇದು ಹೊಸದೇನಲ್ಲ. 2017ರ ಡಿಸೆಂಬರಿನಲ್ಲಿ ಜಾಕ್ಸನ್ನಿನಲ್ಲಿ ಸರ್ಕಾರದ ಹಣದಿಂದಲೇ ನಾಗರಿಕ ಹಕ್ಕುಗಳ ವಸ್ತುಸಂಗ್ರಹಾಲಯವನ್ನು ತೆರೆದಿರಿ. ಮರದ ಕೊಂಬೆಗೆ ನೇತುಹಾಕಿ ಕೊಲ್ಲಲಾದವರ ಹೆಸರುಗಳನ್ನು ಅಲ್ಲಿ ಕೆತ್ತಿಸಿದ್ದೀರಿ. 2020ರಲ್ಲಿ, ಒಂದೂಕಾಲು ಶತಮಾನ ಹಾರಿದ್ದ ಬಾವುಟದಿಂದ ಕಾನ್ಫೆಡರೇಟ್ ಲಾಂಛನವನ್ನು ತೆಗೆದುಹಾಕುವ ಮತವನ್ನು ನೀವೇ ಹಾಕಿದಿರಿ. ಅಷ್ಟು ಕಷ್ಟದ ಕೆಲಸ ಮಾಡಿದವರಿಗೆ, ಒಂದು ವಾರ್ಷಿಕ ಅನುದಾನದ ಮಂಜೂರಾತಿ ಪತ್ರದಲ್ಲಿ ನಾಲ್ಕು ಸಾಲಿನ ಷರತ್ತು ಸೇರಿಸುವುದು ಅಸಾಧ್ಯವೆನಿಸಬಾರದು.

ಆ ಷರತ್ತು ಹೀಗಿರಲಿ ಎಂದು ನನ್ನ ಕೋರಿಕೆ. ಸಂಸ್ಥೆಯ ಹೊರಗಿನ ಇತಿಹಾಸಕಾರರು, ಅವರಲ್ಲಿ ಗುಲಾಮಗಿರಿಯ ಇತಿಹಾಸದಲ್ಲಿ ಕೆಲಸ ಮಾಡಿದವರು, ಡೇವಿಸ್ ಸಹೋದರರ ತೋಟಗಳಲ್ಲಿ ದುಡಿದವರ ವಂಶಸ್ಥರು ಸಿಕ್ಕಿದರೆ ಅವರೂ ಇರುವ ಸಲಹಾ ಸಮಿತಿಯೊಂದು ಪ್ರದರ್ಶನಗಳನ್ನು ಪರಿಶೀಲಿಸಿ, ತನ್ನ ವರದಿಯನ್ನು ಪ್ರಕಟಿಸಬೇಕು. ಬ್ರಯರ್‌ಫೀಲ್ಡಿನ ಗುಲಾಮರ ಹೆಸರುಗಳಲ್ಲಿ ದಾಖಲೆಗಳಲ್ಲಿ ಸಿಗುವಷ್ಟನ್ನು ಮುಖ್ಯ ಮನೆಯಲ್ಲೇ, ಬರುವವರ ಕಣ್ಣಿಗೆ ಬೀಳುವ ಕಡೆ, ಹಾಕಬೇಕು. ಸ್ಮಶಾನದ ಹಿಂದಿನ ಮೂಲೆಯಲ್ಲಲ್ಲ. ಮಾಂಟ್ಗಮರಿಯ ಕಥೆಗೆ ಹೊಸ ಗ್ರಂಥಾಲಯದಲ್ಲಿ ಒಂದು ಕೋಣೆಯನ್ನೇ ಮೀಸಲಿಡಬಹುದು. ಓದಿನಿಂದ ಮೇಲೆದ್ದ ಒಬ್ಬ ಮನುಷ್ಯನ ಕಥೆಗೆ ಗ್ರಂಥಾಲಯಕ್ಕಿಂತ ಸೂಕ್ತವಾದ ಜಾಗ ಇನ್ನೆಲ್ಲಿದೆ? ರಸ್ತೆಯಾಚೆಯ ತೀರದ ಕಥೆಯನ್ನೂ ಹೇಳಿ. ಅದೂ ಚಂಡಮಾರುತದ ನಂತರದ ಮರುನಿರ್ಮಾಣದ ಕಥೆಯೇ, ಅದೂ ತಮ್ಮ ನೆರೆಯದೇ.

ಇನ್ನೊಂದು ವಿಷಯ, ಇದು ಎಲ್ಲ ರಾಜಕೀಯ ನಿಲುವುಗಳನ್ನು ಮೀರಿದ್ದು. ಕತ್ರೀನಾದಲ್ಲಿ ಏನೇನು ಹೋಯಿತು, ಏನೇನು ಸಿಕ್ಕಿತು, ಸಿಕ್ಕಿದ್ದರಲ್ಲಿ ಯಾವುದಕ್ಕೆ ಸಂರಕ್ಷಣೆಯ ಚಿಕಿತ್ಸೆ ಮುಗಿದಿದೆ, ಯಾವುದು ಇನ್ನೂ ಪೆಟ್ಟಿಗೆಯಲ್ಲಿದೆ ಎಂಬ ಪಟ್ಟಿಯನ್ನು ಅಂತರ್ಜಾಲದಲ್ಲಿ ಪೂರ್ತಿಯಾಗಿ ಪ್ರಕಟಿಸಿ. ಸಂಶೋಧಕರಿಗೆ ಹೋದ ವಸ್ತುಗಳ ಪಟ್ಟಿ ಉಳಿದ ವಸ್ತುಗಳ ಪಟ್ಟಿಯಷ್ಟೇ ಮುಖ್ಯ. ಹಳೆಯ ಛಾಯಾಚಿತ್ರ, ನಕಲು, ಸೂಚಿಗಳು ಎಲ್ಲೆಲ್ಲೋ ಇರುವವರು ಅದನ್ನು ನೋಡಿ ಮುಂದೆ ಬಂದಾರು. ಕಾಗದದ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಕರಾವಳಿಯಿಂದ ದೂರ, ಜಾಕ್ಸನ್ನಿನ ರಾಜ್ಯ ಪತ್ರಾಗಾರದಲ್ಲೂ ಒಂದು ಪ್ರತಿ ಇಡಿ. ಅದೇ ತೀರದಲ್ಲಿ, ಅದೇ ಕಡಲಿನ ಎದುರು, ಮತ್ತೆ ಕಟ್ಟಿದ್ದೀರಿ. ಕಮೀಲ್ ಬಂದು ಹೋದ ಮೂವತ್ತಾರು ವರ್ಷಕ್ಕೆ ಕತ್ರೀನಾ ಬಂತು. ಮುಂದಿನದು ಅಷ್ಟು ವರ್ಷ ಕಾಯುತ್ತದೆಂದು ನಂಬಲು ಯಾವ ಆಧಾರವೂ ಇಲ್ಲ.

ಮಿಸಿಸಿಪ್ಪಿಯ ಶಾಸನಸಭೆ ಜನವರಿಯಲ್ಲಿ ಸೇರುತ್ತದೆ. ಅಷ್ಟರೊಳಗೆ ಬೋವ್ವಾರಿನ ಮರುನಿರ್ಮಾಣಕ್ಕೆ ಬಂದ ಸಾರ್ವಜನಿಕ ಹಣದ ಲೆಕ್ಕವನ್ನು ಮಂಡಳಿಯವರು ಪ್ರಕಟಿಸಬೇಕೆಂದೂ, ಅನುದಾನದ ಚರ್ಚೆ ಬಂದಾಗ ಮೇಲೆ ಹೇಳಿದ ಷರತ್ತುಗಳನ್ನು ಶಾಸಕರಲ್ಲಿ ಒಬ್ಬರಾದರೂ ಸದನದ ಮುಂದಿಡಬೇಕೆಂದೂ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಫೆಡರಲ್ ತೆರಿಗೆ ಕಟ್ಟುವ ಒಬ್ಬ ಕನ್ನಡಿಗ